ಮಾಸ್ಕು ಎಷ್ಟು ಗಂಟೆಗೆ ಕಳಚುತ್ತದೆ, ಮೊದಲು ಅದನ್ನು ಬರೆದಿಡಿ

ಪ್ರಶ್ನೆ: ನಮ್ಮ ತಂದೆಗೆ 54 ವರ್ಷ. ಮುಳಬಾಗಿಲು ತಾಲ್ಲೂಕಿನ ಹಳ್ಳಿಯಲ್ಲಿ ಟೊಮೆಟೊ ಬೆಳೆಯುತ್ತಾರೆ. ಬೆಳಗಿನ ಜಾವ ತಾವೇ ಪಿಕಪ್ ಓಡಿಸಿಕೊಂಡು ಕೋಲಾರದ ಎಪಿಎಂಸಿಗೆ ಹೋಗುತ್ತಾರೆ. ತೂಕ 92 ಕೆ.ಜಿ., ಬಿಪಿ ಮಾತ್ರೆ ತೆಗೆದುಕೊಳ್ಳುತ್ತಾರೆ. ನಿದ್ರೆ ಪರೀಕ್ಷೆಯಲ್ಲಿ ನಿದ್ದೆಯಲ್ಲಿ ಉಸಿರು ಕಟ್ಟುವ ಕಾಯಿಲೆ (ಸ್ಲೀಪ್ ಆಪ್ನಿಯಾ) ಎಂದು ಗೊತ್ತಾಯಿತು. ಎಎಚ್‌ಐ, ಅಂದರೆ ಗಂಟೆಗೆ ಎಷ್ಟು ಸಲ ಉಸಿರು ನಿಲ್ಲುತ್ತದೆ ಅಥವಾ ತಗ್ಗುತ್ತದೆ ಎಂಬ ಅಂಕಿ, 46 ಬಂತು. ಗಾಳಿಯ ಒತ್ತಡದಿಂದ ಗಂಟಲಿನ ದಾರಿ ತೆರೆದಿಡುವ, ಒತ್ತಡವನ್ನು ತಾನೇ ಏರಿಳಿಸುವ ಆಟೋ ಸಿಪ್ಯಾಪ್ ಮಿಷನ್ನು, ಮೂಗು ಬಾಯಿ ಎರಡನ್ನೂ ಮುಚ್ಚುವ ಮಾಸ್ಕು ಕೊಟ್ಟರು. ಒತ್ತಡ 4ರಿಂದ 20ಕ್ಕೆ ಇಟ್ಟಿದ್ದಾರೆ. ಆರು ವಾರವಾಯಿತು, ಮಿಷನ್ ತೋರಿಸುವ ಸರಾಸರಿ ಬಳಕೆ ರಾತ್ರಿಗೆ 1 ಗಂಟೆ 50 ನಿಮಿಷ. ‘ಹಾಕಿಕೊಂಡ ತಕ್ಷಣ ಉಸಿರು ಕಟ್ಟುತ್ತೆ, ಹೊಟ್ಟೆ ಉಬ್ಬುತ್ತೆ, ಮುಖದ ಮೇಲೆ ನೀರು ಬೀಳುತ್ತೆ’ ಅಂತಾರೆ. ಅಮ್ಮ ದಿನಾ ಬೈಯುತ್ತಾರೆ, ಅಪ್ಪ ಮಿಷನ್ ಮಾರಿಬಿಡಿ ಅಂತಾರೆ. ಇದು ಹಟವೇ? ನಾವೇನು ಮಾಡಬೇಕು?

ಉತ್ತರ: ಇದನ್ನು ಹಟ ಅಂತ ನಾನು ಕರೆಯುವುದಿಲ್ಲ. ನಿಮ್ಮ ತಂದೆ ಹೇಳಿರುವ ಮೂರು ದೂರುಗಳೂ ನಿಜವಾದವು. ಮೂರಕ್ಕೂ ಬೇರೆ ಬೇರೆ ಕಾರಣವಿದೆ, ಪರಿಹಾರವೂ ಬೇರೆ ಬೇರೆ. ‘ಅಡ್ಜಸ್ಟ್ ಆಗುತ್ತೆ, ಹಾಕಿಕೊಳ್ಳಿ’ ಅಂದರೆ ಅವುಗಳಲ್ಲಿ ಒಂದೂ ಹೋಗುವುದಿಲ್ಲ. ಸಿಪ್ಯಾಪ್ ಬಿಟ್ಟವರಲ್ಲಿ ಬಹಳಷ್ಟು ಜನ ಬಿಟ್ಟಿದ್ದು ತಮಗೆ ಹೊಂದದ ಮಾಸ್ಕನ್ನು, ತಮಗಾಗಿ ಯಾರೂ ಕೂತು ಹೊಂದಿಸದ ಒತ್ತಡವನ್ನು.

ಹಾಗಾಗಿ ಮೊದಲ ಕೆಲಸ ಒಂದು ಪುಸ್ತಕ, ಒಂದು ಪೆನ್ನು. ಏಳು ರಾತ್ರಿ, ಮಾಸ್ಕು ಎಷ್ಟು ಗಂಟೆಗೆ ಹಾಕಿದರು, ಎಷ್ಟು ಗಂಟೆಗೆ ತೆಗೆದರು, ತೆಗೆಯುವಾಗ ಏನು ಹೇಳಿದರು, ಇಷ್ಟನ್ನೇ ಬರೆಯಿರಿ. ಸರಾಸರಿ 1 ಗಂಟೆ 50 ನಿಮಿಷ ಎಂಬ ಅಂಕಿಯಿಂದ ಏನೂ ತಿಳಿಯದು. ದಿನಾ ಎರಡು ಗಂಟೆ ಹಾಕಿ ಕಿತ್ತರೂ ಸರಾಸರಿ ಅಷ್ಟೇ, ವಾರಕ್ಕೆರಡು ರಾತ್ರಿ ಪೂರ್ತಿ ಹಾಕಿ ಉಳಿದ ದಿನ ಮುಟ್ಟದಿದ್ದರೂ ಹೆಚ್ಚುಕಡಿಮೆ ಅಷ್ಟೇ. ಈ ಇಬ್ಬರ ತೊಂದರೆ ಪೂರ್ತಿ ಬೇರೆ. ಮಿಷನ್ನಿನ ಎಸ್‌ಡಿ ಕಾರ್ಡ್ ಅಥವಾ ಮೊಬೈಲ್ ಆ್ಯಪಿನಲ್ಲಿ ರಾತ್ರಿವಾರು ವರದಿ ಸಿಗುತ್ತದೆ, ಅದನ್ನೂ ಪುಸ್ತಕದ ಪಕ್ಕ ಇಟ್ಟುಕೊಳ್ಳಿ. ಮಾಸ್ಕು ಕಳಚುವ ಹೊತ್ತೇ ಕಾರಣದ ಅರ್ಧ ಸುಳಿವು ಕೊಡುತ್ತದೆ.

ಹಾಕಿದ ಹತ್ತು ನಿಮಿಷದೊಳಗೆ ಕಳಚಿದರೆ ನೋಡಬೇಕಾದ್ದು ಕನಿಷ್ಠ ಒತ್ತಡ. 4 ಸೆಂ.ಮೀ. ನೀರಿನ ಒತ್ತಡ ಎಂಬುದು ಈ ಮಿಷನ್ನುಗಳ ತೀರಾ ಕೆಳಗಿನ ಮೆಟ್ಟಿಲು. 92 ಕೆ.ಜಿ. ತೂಗುವ ಗಂಡಸಿಗೆ, ಅದರಲ್ಲೂ ದೊಡ್ಡ ಮಾಸ್ಕಿನೊಳಗೆ, ಎಚ್ಚರವಿರುವಾಗ ಅಷ್ಟು ಗಾಳಿ ಸಾಲದು. ನಿಮ್ಮ ತಂದೆಗೆ ‘ಉಸಿರು ಕಟ್ಟುವುದು’ ಬಹುಶಃ ಗಾಳಿ ಹೆಚ್ಚಾಗಿ ಅಲ್ಲ, ಕಡಿಮೆಯಾಗಿ. ಮನೆಯವರು ಇದನ್ನು ಸಾಮಾನ್ಯವಾಗಿ ತಿರುವುಮುರುವಾಗಿ ತಿಳಿದು ‘ಒತ್ತಡ ಇನ್ನೂ ಇಳಿಸಿ’ ಎಂದು ಕೇಳುತ್ತಾರೆ. ಕನಿಷ್ಠವನ್ನು 6, 7 ಅಥವಾ 8ಕ್ಕೆ ಏರಿಸಿದರೆ ಅನೇಕರು ಅದೇ ರಾತ್ರಿ ನಿರಾಳವಾಗುತ್ತಾರೆ. ‘ರ‍್ಯಾಂಪ್’ ಎಂಬ, ಒತ್ತಡವನ್ನು ನಿಧಾನವಾಗಿ ಏರಿಸುವ ಸೌಲಭ್ಯ 45 ನಿಮಿಷಕ್ಕೆ ಇದ್ದರೆ ಅಷ್ಟೂ ಹೊತ್ತು ಅವರು ಆ ಕಡಿಮೆ ಗಾಳಿಯಲ್ಲೇ ಒದ್ದಾಡಬೇಕು. ಅದನ್ನು 5–10 ನಿಮಿಷಕ್ಕೆ ಇಳಿಸುವುದು ಅಥವಾ ಆಟೋಗೆ ಇಡುವುದು ಒಳ್ಳೆಯದು. ಉಸಿರು ಬಿಡುವಾಗ ಗಾಳಿ ಎದುರಾದಂತೆ ಅನ್ನಿಸಿದರೆ ಅದಕ್ಕೆ ಬೇರೆ ಸೆಟ್ಟಿಂಗ್ ಇದೆ, ಬಿಡುವ ಉಸಿರಿನಲ್ಲಿ ಒತ್ತಡವನ್ನು 1ರಿಂದ 3ರವರೆಗೆ ತಗ್ಗಿಸುವುದು. ರ‍್ಯಾಂಪನ್ನು ನೀವೇ ಬದಲಿಸಬಹುದು. ಕನಿಷ್ಠ, ಗರಿಷ್ಠ ಒತ್ತಡಗಳನ್ನು ಬದಲಿಸಬೇಕಾದವರು ವೈದ್ಯರು.

ಇಲ್ಲೇ ಒಂದು ಎಚ್ಚರಿಕೆ. ಮಾಸ್ಕಿನ ಮುಂಭಾಗದಲ್ಲಿ ಸಣ್ಣ ಸಣ್ಣ ತೂತುಗಳಿಂದ ಸದಾ ಗಾಳಿ ಹೊರಬರುತ್ತಿರುತ್ತದೆ. ಅದನ್ನು ಲೀಕು ಎಂದುಕೊಂಡು ಪ್ಲಾಸ್ಟರ್ ಅಂಟಿಸಬೇಡಿ. ನಾವು ಬಿಟ್ಟ ಉಸಿರಿನ ಇಂಗಾಲದ ಡೈಆಕ್ಸೈಡ್ ಹೊರಹೋಗುವ ದಾರಿ ಅದೊಂದೇ. ಕಂಬಳಿಯನ್ನು ಮುಖದ ಮೇಲೆ ಎಳೆದುಕೊಂಡು ಆ ತೂತುಗಳನ್ನು ಮುಚ್ಚುವುದೂ ಬೇಡ.

ಒತ್ತಡ ಸರಿಯಾದ ಮೇಲೂ ಮಾಸ್ಕು ಕಂಡರೆ ಎದೆ ಬಡಿದುಕೊಳ್ಳುತ್ತದೆ ಎಂದರೆ ಅದು ಇಕ್ಕಟ್ಟಿನ ಭಯ. ಬಾವಿಗೆ ಇಳಿಯಲು, ಲಿಫ್ಟು ಹತ್ತಲು ಹಿಂಜರಿಯುವವರಲ್ಲಿ ಇದನ್ನು ಮೊದಲೇ ಊಹಿಸಬಹುದು. ಭಯವನ್ನು ರಾತ್ರಿ ಕತ್ತಲಲ್ಲಿ ಗೆಲ್ಲಲು ಹೋಗಬೇಡಿ, ಹಗಲಲ್ಲಿ ಪಳಗಿಸಿ. ಮೊದಲ ಎರಡು ಮೂರು ದಿನ ಟಿವಿ ನೋಡುತ್ತಾ, ಮಿಷನ್ ಆನ್ ಮಾಡಿ, ಪಟ್ಟಿ ಕಟ್ಟದೆ ಕೈಯಲ್ಲೇ ಮಾಸ್ಕನ್ನು ಮುಖಕ್ಕೆ ಹಿಡಿದು ಹತ್ತು ನಿಮಿಷ ಉಸಿರಾಡಲಿ, ದಿನಕ್ಕೆ ಎರಡು ಸಲ. ಆಮೇಲೆ ಪಟ್ಟಿ ಕಟ್ಟಿ ಕೂತು ಅರ್ಧ ಗಂಟೆ. ನಂತರ ಮಧ್ಯಾಹ್ನದ ಊಟವಾದ ಮೇಲೆ ಮಲಗಿ ಒಂದು ಸಣ್ಣ ನಿದ್ದೆ. ಗಾಬರಿಯಾದರೆ ತೆಗೆಯಲಿ, ಆದರೆ ನಾಲ್ಕೈದು ನಿಧಾನದ ಉಸಿರು ಎಳೆದು ಸಮಾಧಾನವಾದ ಮೇಲೆ ತೆಗೆಯಲಿ. ಗಾಬರಿಯ ತುದಿಯಲ್ಲೇ ಕಿತ್ತೆಸೆದರೆ ಮುಂದಿನ ಸಲ ಭಯ ಇನ್ನಷ್ಟು ಬೇಗ ಬರುತ್ತದೆ. ನಿದ್ದೆ ಬರಲೆಂದು ಆಲ್‌ಪ್ರಜೋಲಂ ಮಾತ್ರೆಯನ್ನು ಅಂಗಡಿಯಿಂದ ತಂದು ಕೊಡುವ ಮನೆಗಳಿವೆ. ಬೇಡವೇ ಬೇಡ. ಮಾಸ್ಕಿಲ್ಲದೆ ಮಲಗಿದ ರಾತ್ರಿ ಅದು ಉಸಿರಿನ ನಿಲುಗಡೆಗಳನ್ನು ಇನ್ನಷ್ಟು ಉದ್ದ ಮಾಡಬಲ್ಲದು. ಮದ್ಯವೂ ಅಷ್ಟೆ, ಗಂಟಲಿನ ಸ್ನಾಯುಗಳನ್ನು ಸಡಿಲ ಮಾಡುತ್ತದೆ.

ಒಂದೆರಡು ಗಂಟೆ ನಿದ್ದೆ ಮಾಡಿ ಆಮೇಲೆ ಕಳಚುತ್ತಿದ್ದರೆ ಮಾಸ್ಕಿನ ಬಗೆ, ಮೂಗು, ಗರಿಷ್ಠ ಒತ್ತಡ ಮೂರನ್ನೂ ಒಟ್ಟಿಗೆ ನೋಡಬೇಕು. ನಿದ್ದೆ ಆಳವಾದಂತೆ ದವಡೆ ಜಾರುತ್ತದೆ, ದೊಡ್ಡ ಮಾಸ್ಕಿನ ಅಂಚು ಕದಲುತ್ತದೆ, ಗಾಳಿ ಸೋರುತ್ತದೆ. ಆಟೋ ಮಿಷನ್ ಆ ಗೊಂದಲದಲ್ಲಿ ಒತ್ತಡವನ್ನು ಏರಿಸುತ್ತಾ ಹೋಗಬಹುದು. ಗರಿಷ್ಠ 20ಕ್ಕೆ ಬಿಟ್ಟಿರುವುದರಿಂದ ಅದಕ್ಕೆ ತಡೆಯೇ ಇಲ್ಲ. ಹೆಚ್ಚಿದ ಗಾಳಿ ಕಣ್ಣಿಗೆ ಬಡಿಯುತ್ತದೆ, ಅನ್ನನಾಳಕ್ಕೂ ನುಗ್ಗುತ್ತದೆ. ನಿಮ್ಮ ತಂದೆಯ ಹೊಟ್ಟೆಯುಬ್ಬರ ಬಹುಶಃ ಇಲ್ಲಿಂದ ಬಂದದ್ದು. ವರದಿಯಲ್ಲಿ ‘95ನೇ ಪರ್ಸೆಂಟೈಲ್ ಒತ್ತಡ’ ಎಂಬ ಅಂಕಿ ಇರುತ್ತದೆ. ರಾತ್ರಿಯ ನೂರರಲ್ಲಿ 95 ಪಾಲು ಹೊತ್ತು ಒತ್ತಡ ಅದಕ್ಕಿಂತ ಮೇಲೆ ಹೋಗಿಲ್ಲ ಎಂದರ್ಥ. ಲೀಕು ಕಡಿಮೆಯಿದ್ದ ರಾತ್ರಿಗಳಲ್ಲಿ ಅದು 11 ಇದ್ದರೆ ಗರಿಷ್ಠವನ್ನು 20ರಲ್ಲಿ ಇಡಲು ಕಾರಣವಿಲ್ಲ, 12 ಅಥವಾ 13ಕ್ಕೆ ಕಟ್ಟಿಹಾಕಬಹುದು. 4ರಿಂದ 20 ಎಂಬುದು ಕಾರ್ಖಾನೆಯಿಂದ ಬಂದ ಅಳತೆ. ಆರು ವಾರವಾದರೂ ಅದು ಬದಲಾಗಿಲ್ಲ ಎಂದರೆ ವರದಿಯನ್ನು ಯಾರೂ ತೆರೆದು ನೋಡಿಲ್ಲ ಎಂದೇ ನನ್ನ ಅನುಮಾನ. ಇದು ನಿಮ್ಮ ತಂದೆಯ ತಪ್ಪಲ್ಲ.

ಮಾಸ್ಕಿನ ವಿಷಯಕ್ಕೆ ಬಂದರೆ, ‘ಬಾಯಿ ತೆರೆದು ಮಲಗುತ್ತಾರೆ, ಅದಕ್ಕೇ ದೊಡ್ಡ ಮಾಸ್ಕು’ ಎಂಬ ತರ್ಕ ಎಲ್ಲೆಡೆ ಚಾಲ್ತಿಯಲ್ಲಿದೆ. ನನಗೆ ಇದು ಅರ್ಧ ಮಾತ್ರ ಒಪ್ಪಿಗೆ. ಚಿಕಿತ್ಸೆಗೆ ಮೊದಲು ಬಾಯಿ ತೆರೆದು ಮಲಗುವವರಲ್ಲಿ ಹಲವರು, ಗಂಟಲಿನ ದಾರಿ ತೆರೆದುಕೊಂಡ ಮೇಲೆ ತಾವಾಗೇ ಮೂಗಿನಲ್ಲಿ ಉಸಿರಾಡುತ್ತಾರೆ. ದೊಡ್ಡ ಮಾಸ್ಕು ಗಲ್ಲವನ್ನು ಹಿಂದಕ್ಕೆ ಒತ್ತುತ್ತದೆ, ಅದರಿಂದ ನಾಲಗೆಯ ಬುಡವೂ ಹಿಂದೆ ಸರಿಯಬಹುದು, ಆಗ ಅದೇ ಮನುಷ್ಯನಿಗೆ ಹೆಚ್ಚು ಒತ್ತಡ ಬೇಕಾಗುತ್ತದೆ. ಮೂಗಿನ ಮಾಸ್ಕು ಬಳಸುವವರು ಸರಾಸರಿಯಲ್ಲಿ ಹೆಚ್ಚು ಗಂಟೆ ಬಳಸುತ್ತಾರೆ ಎಂಬುದು ಹಲವು ಅಧ್ಯಯನಗಳಲ್ಲಿ ಕಂಡಿದೆ. ನಿಮ್ಮ ತಂದೆ ಕೂತು, ಬಾಯಿ ಮುಚ್ಚಿ, ಮೂರು ನಿಮಿಷ ಮೂಗಿನಲ್ಲೇ ಆರಾಮವಾಗಿ ಉಸಿರಾಡಬಲ್ಲರೇ ನೋಡಿ. ಆಗುತ್ತದೆ ಎಂದಾದರೆ ಡೀಲರ್ ಹತ್ತಿರ ಮೂಗಿನ ಮಾಸ್ಕನ್ನು ಪರೀಕ್ಷೆಗೆ ಕೇಳಿ. ದಪ್ಪ ಮೀಸೆಯಿದ್ದರೆ ಮೂಗಿನ ಹೊಳ್ಳೆಗೆ ಕೂರುವ ‘ಪಿಲ್ಲೋ’ ಮಾಸ್ಕು ಇನ್ನೂ ಚೆನ್ನಾಗಿ ಹೊಂದಬಹುದು. ಮೂಗುತಿ ಇರುವ ಹೆಂಗಸರಿಗೆ ಅದು ಒತ್ತುತ್ತದೆ, ಅವರಿಗೆ ಮೂಗನ್ನು ಪೂರ್ತಿ ಮುಚ್ಚುವ ಬಗೆ ವಾಸಿ.

ಮೂರು ನಿಮಿಷ ಆಗದಿದ್ದರೆ ಮೊದಲು ಮೂಗಿಗೆ ಚಿಕಿತ್ಸೆ. ಹೊಲದ ದೂಳು, ಔಷಧಿ ಸಿಂಪಡಣೆ, ಮಾಲೂರು ಕಡೆಯಾದರೆ ಇಟ್ಟಿಗೆ ಗೂಡಿನ ಹೊಗೆ, ಇವುಗಳ ಮಧ್ಯೆ ಕೆಲಸ ಮಾಡುವವರ ಮೂಗು ಕಟ್ಟಿರುವುದು ಆಶ್ಚರ್ಯವಲ್ಲ. ಕಿವಿ-ಮೂಗು-ಗಂಟಲಿನ ವೈದ್ಯರಿಗೆ ತೋರಿಸಿ. ಕೋಲಾರದ ಎಸ್‌ಎನ್‌ಆರ್ ಜಿಲ್ಲಾಸ್ಪತ್ರೆಯೋ ಟಮಕದ ಮೆಡಿಕಲ್ ಕಾಲೇಜು ಆಸ್ಪತ್ರೆಯೋ, ಯಾವುದು ಹತ್ತಿರವೋ ಅದು. ಮೂಳೆ ಡೊಂಕಿದೆಯೇ, ಅಲರ್ಜಿಯೇ ಎಂದು ನೋಡುತ್ತಾರೆ. ಅಲರ್ಜಿಯಾದರೆ ಫ್ಲುಟಿಕಾಸೋನ್ ಅಥವಾ ಮೊಮೆಟಾಸೋನ್ ಸ್ಪ್ರೇ ಬರೆದುಕೊಡುವುದು ರೂಢಿ. ಅದರ ಪೂರ್ತಿ ಫಲ ಕಾಣಲು ಒಂದೆರಡು ವಾರ ದಿನಾ ಹಾಕಬೇಕು. ಬಲಗೈಯಿಂದ ಎಡ ಹೊಳ್ಳೆಗೆ, ಎಡಗೈಯಿಂದ ಬಲ ಹೊಳ್ಳೆಗೆ, ತುದಿ ನಡುಗೋಡೆಯ ಕಡೆಗಲ್ಲ, ಕಿವಿಯ ಕಡೆಗೆ. ತಕ್ಷಣ ಮೂಗು ತೆರೆಯುವ ಕ್ಸೈಲೋಮೆಟಾಜೋಲಿನ್ ಹನಿಯನ್ನು ಐದು ದಿನಕ್ಕಿಂತ ಹೆಚ್ಚು ಬಳಸಬಾರದು, ಆಮೇಲೆ ಅದೇ ಮೂಗು ಕಟ್ಟಿಸುತ್ತದೆ. ಉಪ್ಪುನೀರಿನಿಂದ ಮೂಗು ತೊಳೆಯುವುದಾದರೆ ನೀರು ಕುದಿಸಿ ಆರಿಸಿದ್ದೇ ಆಗಿರಬೇಕು.

ಸೀಲು ಸರಿಯಾಗಿ ಕೂರಲು ಮಾಸ್ಕನ್ನು ಕೂತು ಕಟ್ಟಬಾರದು. ಮಲಗಿ, ದಿಂಬಿಗೆ ತಲೆಯಿಟ್ಟು, ಗಾಳಿ ಹರಿಯುತ್ತಿರುವಾಗಲೇ ಪಟ್ಟಿ ಹೊಂದಿಸಬೇಕು, ಏಕೆಂದರೆ ಮಲಗಿದಾಗ ಕೆನ್ನೆಯ ಮಾಂಸ ಸರಿಯುತ್ತದೆ. ಕಟ್ಟಿದ ಮೇಲೆ ಮಾಸ್ಕನ್ನು ಮುಖದಿಂದ ಒಂದಿಷ್ಟು ಎತ್ತಿ ಬಿಡಿ, ಮೆತ್ತೆ ಗಾಳಿ ತುಂಬಿಕೊಂಡು ಸರಿಯಾಗಿ ಕೂರುತ್ತದೆ. ಲೀಕಾದರೆ ಎಲ್ಲರ ಕೈಯೂ ಪಟ್ಟಿ ಬಿಗಿಯಲು ಹೋಗುತ್ತದೆ. ಬಿಗಿದಷ್ಟೂ ಮೆತ್ತೆ ಮಡಚಿಕೊಂಡು ಲೀಕು ಹೆಚ್ಚುತ್ತದೆ, ಮೂಗಿನ ದಂಡೆಯ ಮೇಲೆ ಹುಣ್ಣಾಗುತ್ತದೆ. ಪಟ್ಟಿಯ ಕೆಳಗೆ ಎರಡು ಬೆರಳು ಸಲೀಸಾಗಿ ಹೋಗುವಷ್ಟು ಸಡಿಲವಿರಲಿ. ರಾತ್ರಿ ತಲೆಗೆ ಎಣ್ಣೆ ಹಚ್ಚುವ ರೂಢಿಯಿದ್ದರೆ ಅದನ್ನು ಬೆಳಗಿನ ಸ್ನಾನದ ಮುಂಚಿನ ಹೊತ್ತಿಗೆ ಬದಲಿಸಿ. ಎಣ್ಣೆ ಸಿಲಿಕೋನ್ ಮೆತ್ತೆಯನ್ನು ಜಾರಿಸುತ್ತದೆ, ಬೇಗ ಹಾಳುಮಾಡುತ್ತದೆ. ಮಲಗುವ ಮುನ್ನ ಸೋಪಿನಿಂದ ಮುಖ ತೊಳೆಯುವುದು ಸಣ್ಣ ಕೆಲಸ, ಫಲ ದೊಡ್ಡದು.

ಹೊಟ್ಟೆಯುಬ್ಬರಕ್ಕೆ ಗರಿಷ್ಠ ಒತ್ತಡ ತಗ್ಗಿಸುವುದೇ ಮುಖ್ಯ ಉಪಾಯ. ರಾತ್ರಿ ಮುದ್ದೆಯೂಟ ಮಲಗುವುದಕ್ಕೆ ಎರಡು ಮೂರು ಗಂಟೆ ಮೊದಲೇ ಮುಗಿಯಲಿ, ಎಡಮಗ್ಗುಲಾಗಿ ಮಲಗಲಿ.

ಇನ್ನು ಬೆಳಗಿನ ಜಾವ ಮೂರು, ಮೂರೂವರೆ ಗಂಟೆಗೆ ಕಳಚುವ ಕಥೆ. ಮುಖಕ್ಕೆ ನೀರು ಬೀಳುವುದು ಸಾಮಾನ್ಯವಾಗಿ ಈ ಹೊತ್ತಿಗೇ. ಗಾಳಿಗೆ ತೇವ ಸೇರಿಸುವ ನೀರಿನ ತೊಟ್ಟಿಯ (ಹ್ಯೂಮಿಡಿಫೈಯರ್) ಬಿಸಿ ತೇವದ ಗಾಳಿ ತಣ್ಣನೆಯ ಪೈಪಿನಲ್ಲಿ ಬರುವಾಗ ಹನಿಗಟ್ಟುತ್ತದೆ. ಕೋಲಾರದ ಡಿಸೆಂಬರ್-ಜನವರಿಯ ಬೆಳಗಿನ ಜಾವದ ಚಳಿ ಅದಕ್ಕೆ ಸಾಕು. ಪೈಪಿನ ಕೆಳಬಾಗಿನಲ್ಲಿ ನೀರು ನಿಂತು ಮೊದಲು ಗುಳುಗುಳು ಸದ್ದು, ಮಾಸ್ಕಿನಲ್ಲಿ ನಡುಕ, ಕೊನೆಗೆ ಮಗ್ಗುಲು ಬದಲಿಸಿದಾಗ ಮೂಗಿಗೇ ನೀರಿನ ಎರಚಲು. ನಿದ್ದೆಗಣ್ಣಿನ ಮನುಷ್ಯ ಅದನ್ನು ಕಿತ್ತೆಸೆಯುವುದು ಸಹಜ. ನಿಮ್ಮ ತಂದೆ ಚಾಪೆ ಅಥವಾ ನೆಲದ ಹಾಸಿಗೆಯ ಮೇಲೆ ಮಲಗಿ, ಮಿಷನ್ ಪಕ್ಕದ ಸ್ಟೂಲಿನ ಮೇಲಿದ್ದರೆ ತೊಂದರೆ ಇಮ್ಮಡಿ, ಏಕೆಂದರೆ ಹನಿಗಟ್ಟಿದ ನೀರೆಲ್ಲ ಇಳಿಜಾರಿನಲ್ಲಿ ಮುಖದ ಕಡೆಗೇ ಹರಿಯುತ್ತದೆ. ಮಿಷನ್ ಯಾವಾಗಲೂ ತಲೆಯ ಮಟ್ಟಕ್ಕಿಂತ ಕೆಳಗಿರಬೇಕು. ಮಂಚದ ಮೇಲೆ ಮಲಗಿಸಿ, ಮಿಷನ್ನನ್ನು ಗಿಡ್ಡ ಮಣೆಯ ಮೇಲೆ ಇಡುವುದು ಸರಿಯಾದ ವ್ಯವಸ್ಥೆ. ತೇವದ ಅಂಕಿಯನ್ನು ಒಂದೊಂದೇ ಇಳಿಸಿ ನೋಡಿ. ಪೈಪಿಗೆ ಹಳೆಯ ಕಾಟನ್ ಬಟ್ಟೆಯ ಚೀಲ ಹೊಲಿದು ಹಾಕಿ, ಅಥವಾ ಪೈಪನ್ನು ಕಂಬಳಿಯೊಳಗೆ ತೆಗೆದುಕೊಳ್ಳಿ. ಇಷ್ಟಾದರೂ ನಿಲ್ಲದಿದ್ದರೆ ಬಿಸಿಯಾಗುವ ಪೈಪು ಸಿಗುತ್ತದೆ, ನಿಮ್ಮ ಮಾದರಿಗೆ ಹೊಂದುತ್ತದೆಯೇ ಕೇಳಿ ತೆಗೆದುಕೊಳ್ಳಿ. ಬೇಸಿಗೆಯಲ್ಲಿ ಇದೇ ಮಿಷನ್ ಬಾಯಿ ಒಣಗಿಸಬಹುದು, ಆಗ ತೇವ ಮತ್ತೆ ಏರಿಸಿ. ವರ್ಷಪೂರ್ತಿ ಒಂದೇ ಅಂಕಿ ಸಾಗದು.

ಹ್ಯೂಮಿಡಿಫೈಯರಿನ ತೊಟ್ಟಿಗೆ ಬೋರ್‌ವೆಲ್ ನೀರು ಹಾಕಬೇಡಿ. ನಮ್ಮ ಭಾಗದ ನೀರು ಗಡಸು, ಬಹಳ ಕಡೆ ಫ್ಲೋರೈಡೂ ಇದೆ, ಕೆಲವೇ ದಿನಕ್ಕೆ ತಳದಲ್ಲಿ ಬಿಳಿ ಪೊರೆ ಕಟ್ಟುತ್ತದೆ. ಕುದಿಸಿದರೆ ಕ್ರಿಮಿ ಸಾಯುತ್ತವೆ, ಗಡಸು ಪೂರ್ತಿ ಹೋಗುವುದಿಲ್ಲ. ಔಷಧಿ ಅಂಗಡಿಯ ಡಿಸ್ಟಿಲ್ಡ್ ವಾಟರ್ ತನ್ನಿ. ಬ್ಯಾಟರಿಗೆ ಹಾಕುವ ನೀರು ಬೇಡ. ಬೆಳಗ್ಗೆ ಉಳಿದದ್ದನ್ನು ಚೆಲ್ಲಿ, ತೊಟ್ಟಿ ಒಣಗಿಸಿ. ನೀರು ತುಂಬಿದ ಮಿಷನ್ನನ್ನು ಎತ್ತಿ ಆಚೀಚೆ ಇಟ್ಟರೆ ಮೋಟರಿಗೆ ನೀರು ನುಗ್ಗುತ್ತದೆ. ಮೆತ್ತೆಯನ್ನು ದಿನಾ ಮೃದು ಸೋಪಿನಲ್ಲಿ ಒರೆಸಿ, ಪೈಪನ್ನು ವಾರಕ್ಕೊಮ್ಮೆ ತೊಳೆದು ನೆರಳಲ್ಲಿ ತೂಗುಹಾಕಿ. ಫಿಲ್ಟರನ್ನು ವಾರವಾರ ನೋಡಿ, ಬೂದಿಬಣ್ಣಕ್ಕೆ ತಿರುಗಿದ್ದರೆ ಬದಲಿಸಿ.

ಮೂರು ಗಂಟೆಗೆ ಏಳಿಸುವ ಇನ್ನೊಂದು ಕಾರಣ ಮೂತ್ರ. ಉಸಿರು ಕಟ್ಟುವ ಕಾಯಿಲೆಯೇ ರಾತ್ರಿ ಮೂತ್ರವನ್ನು ಹೆಚ್ಚಿಸುತ್ತದೆ, ಚಿಕಿತ್ಸೆ ಸರಿಯಾದರೆ ಏಳುವುದು ಕಡಿಮೆಯಾಗುತ್ತದೆ. ಅಲ್ಲಿಯವರೆಗೆ ಮಾಸ್ಕನ್ನು ತೆಗೆಯದೆ, ಮೂತಿಯ ಹತ್ತಿರ ಪೈಪು ಬಿಚ್ಚುವ ಗುಂಡಿ ಒತ್ತಿ ಪೈಪನ್ನು ಮಾತ್ರ ಬಿಟ್ಟು ಹೋಗಿಬರಲಿ. ಕಳಚಿದವರು ‘ಇನ್ನೇನು, ಬೆಳಗಾಗುತ್ತೆ’ ಎಂದು ಮತ್ತೆ ಹಾಕುವುದಿಲ್ಲ. ಕನಸು ಬೀಳುವ ನಿದ್ದೆ ಹೆಚ್ಚಾಗಿ ಇರುವುದು ರಾತ್ರಿಯ ಕೊನೆಯ ಪಾಲಿನಲ್ಲಿ. ಆ ನಿದ್ದೆಯಲ್ಲಿ ಗಂಟಲು ಅತ್ಯಂತ ಸಡಿಲ, ಆಮ್ಲಜನಕ ಅತ್ಯಂತ ಕೆಳಗಿಳಿಯುವುದೂ ಬಹಳ ಜನರಲ್ಲಿ ಆಗಲೇ. ಹನ್ನೊಂದರಿಂದ ಎರಡರವರೆಗೆ ಮಾತ್ರ ಮಾಸ್ಕು ಹಾಕಿದವರು ಕಾಯಿಲೆಯ ಕೆಟ್ಟ ಭಾಗವನ್ನು ಹಾಗೇ ಬಿಟ್ಟಂತೆ.

ಕರೆಂಟೂ ಒಂದು ಕಾರಣ. ಮನೆಯಲ್ಲಿ ಯುಪಿಎಸ್ ಇದ್ದರೂ ಅದರ ಲೈನು ಬಹುತೇಕ ಲೈಟು, ಫ್ಯಾನಿಗೆ ಮಾತ್ರ ಹೋಗಿರುತ್ತದೆ, ಮಂಚದ ಪಕ್ಕದ 5 ಆಂಪಿಯರ್ ಪ್ಲಗ್ಗಿಗೆ ಇರುವುದಿಲ್ಲ. ಮೇನ್ ಸ್ವಿಚ್ ಆಫ್ ಮಾಡಿ ಆ ಪ್ಲಗ್ಗಿಗೆ ಫೋನ್ ಚಾರ್ಜರ್ ಹಾಕಿ ನೋಡಿ, ಗೊತ್ತಾಗುತ್ತದೆ. ಎಲೆಕ್ಟ್ರಿಷಿಯನ್‌ಗೆ ಒಂದು ಗಂಟೆಯ ಕೆಲಸ. ಹ್ಯೂಮಿಡಿಫೈಯರ್ ಇಲ್ಲದೆ ಈ ಮಿಷನ್ನಿಗೆ ಸುಮಾರು 30 ವ್ಯಾಟ್ ಸಾಕು, ಅದನ್ನು ಸೇರಿಸಿದರೆ 60–90 ವ್ಯಾಟ್. 150 ಎಎಚ್ ಬ್ಯಾಟರಿ ಚೆನ್ನಾಗಿದ್ದರೆ ರಾತ್ರಿ ಕಳೆಯುತ್ತದೆ. ಪ್ಯೂರ್ ಸೈನ್‌ವೇವ್ ಯುಪಿಎಸ್ ಆದರೆ ಉತ್ತಮ. ಕರೆಂಟ್ ಹೋಗಿ ಮಿಷನ್ ನಿಂತರೆ ಏನಾಗುತ್ತೆ ಎಂಬ ಭಯ ಅನೇಕರಿಗಿದೆ, ಹೇಳಿಕೊಳ್ಳುವುದಿಲ್ಲ ಅಷ್ಟೆ. ದೊಡ್ಡ ಮಾಸ್ಕಿನಲ್ಲಿ ಹೊರಗಿನ ಗಾಳಿ ಬರುವ ಕವಾಟ ಇರುತ್ತದೆ, ಮೂಗಿನ ಮಾಸ್ಕಿನಲ್ಲಿ ಬಾಯಿ ಖಾಲಿಯೇ ಇರುತ್ತದೆ. ಹಗಲಲ್ಲಿ ಮಾಸ್ಕು ಹಾಕಿಸಿ, ಸ್ವಿಚ್ ಆಫ್ ಮಾಡಿ, ಉಸಿರಾಡಬಹುದು ಎಂಬುದನ್ನು ಅವರಿಗೇ ತೋರಿಸಿಬಿಡಿ.

ಈಗ ಅಮ್ಮನ ಬೈಗುಳ. ಅವರ ಆತಂಕ ಅರ್ಥವಾಗುತ್ತದೆ, ಆದರೆ ಒತ್ತಾಯದಿಂದ ಬಳಕೆ ಹೆಚ್ಚುವುದಿಲ್ಲ. ಜೊತೆಗೆ ಕೂತು ನೀರು ತುಂಬಿಸುವುದು, ಪಟ್ಟಿ ಸರಿಮಾಡುವುದು, ಕಳಚಿದಾಗ ಮೆಲ್ಲಗೆ ಮತ್ತೆ ಹಾಕಿಸುವುದು ಕೆಲಸ ಮಾಡುತ್ತದೆ. ನಿಮ್ಮ ತಂದೆಗೆ ತಮ್ಮ ಕಾಯಿಲೆ ಕಂಡೇ ಇಲ್ಲ ಎಂಬುದೂ ನೆನಪಿರಲಿ. ಗೊರಕೆ ಕೇಳುವವರು ನೀವು, ಅವರಲ್ಲ. ಹಗಲಿನ ತೂಕಡಿಕೆಯನ್ನು ಅವರು ಹೊಲದ ದಣಿವು ಎಂದುಕೊಂಡಿರುತ್ತಾರೆ. ಮಾಸ್ಕಿಲ್ಲದ ಒಂದು ರಾತ್ರಿ ಎರಡು ನಿಮಿಷ ವಿಡಿಯೊ ಮಾಡಿ ತೋರಿಸಿ: ಎದೆ ಏರಿಳಿಯುತ್ತಿದೆ, ಗಾಳಿ ಹೋಗುತ್ತಿಲ್ಲ, ಆಮೇಲೆ ಉಸಿರು ಎಳೆದುಕೊಳ್ಳುವ ಒಂದು ಜೋರು ಗೊರಕೆ. ಎಎಚ್‌ಐ 46 ಎಂದರೆ ಹೀಗೆ ಉಸಿರು ನಿಲ್ಲುವುದು ಅಥವಾ ತೀರಾ ತಗ್ಗುವುದು ಗಂಟೆಗೆ ಸರಾಸರಿ 46 ಸಲ, ಪ್ರತಿ ಸಲ ಕನಿಷ್ಠ 10 ಸೆಕೆಂಡು. 30 ದಾಟಿದರೆ ತೀವ್ರ ಎನ್ನುತ್ತೇವೆ.

ಎಷ್ಟು ಗಂಟೆ ಹಾಕಿದರೆ ಸಾಕು? ‘ನಾಲ್ಕು ಗಂಟೆ’ ಎಂಬ ಲೆಕ್ಕ ಅಮೆರಿಕದ ವಿಮೆಯ ನಿಯಮದಿಂದ ಬಂದದ್ದು, 30 ರಾತ್ರಿಗಳಲ್ಲಿ ನೂರಕ್ಕೆ 70ರಷ್ಟು ರಾತ್ರಿ ನಾಲ್ಕು ಗಂಟೆ ಎಂದು. ಹಣ ಕೊಡಬೇಕೇ ಬೇಡವೇ ಎಂದು ತೀರ್ಮಾನಿಸಲು ಹಾಕಿದ ಗೆರೆ ಅದು. ಅದಕ್ಕಿಂತ ಹೆಚ್ಚು ಬಳಸಿದರೆ ಲಾಭವೂ ಹೆಚ್ಚು. 2016ರಲ್ಲಿ ಪ್ರಕಟವಾದ ‘ಸೇವ್’ ಎಂಬ ದೊಡ್ಡ ಅಧ್ಯಯನದಲ್ಲಿ ಹೃದಯದ ಅಥವಾ ಮೆದುಳಿನ ರಕ್ತನಾಳದ ಕಾಯಿಲೆ ಮೊದಲೇ ಇದ್ದ 2,700ಕ್ಕೂ ಹೆಚ್ಚು ಜನರಿದ್ದರು. ಸಿಪ್ಯಾಪ್ ಪಡೆದವರ ಸರಾಸರಿ ಬಳಕೆ ರಾತ್ರಿಗೆ 3.3 ಗಂಟೆ. ತೂಕಡಿಕೆ, ಗೊರಕೆ ಕಡಿಮೆಯಾದವು, ಹೃದಯಾಘಾತ-ಪಾರ್ಶ್ವವಾಯು ಕಡಿಮೆಯಾಗಲಿಲ್ಲ. ಬಳಕೆ ಅಷ್ಟು ಕಡಿಮೆಯಿದ್ದದ್ದೇ ಕಾರಣವೇ ಎಂಬ ಚರ್ಚೆ ಇನ್ನೂ ನಡೆದಿದೆ. ಹಾಗಾಗಿ ಬಿಪಿ ಮಾತ್ರೆ ನಿಲ್ಲಿಸುವ ಮಾತು ಬೇಡ. ಮೊದಲ ವಾರ ಮೂರು ಗಂಟೆ, ಮುಂದಿನ ವಾರ ನಾಲ್ಕೂವರೆ ಎಂದು ಏರಿಸುತ್ತಾ, ನಿದ್ದೆಯಿದ್ದಷ್ಟು ಹೊತ್ತೂ ಮಾಸ್ಕು ಎಂಬಲ್ಲಿಗೆ ಬನ್ನಿ.

ತಡಮಾಡದಿರಿ. ಬಳಕೆಯ ರೂಢಿ ಮೊದಲ ಕೆಲವು ದಿನ, ವಾರಗಳಲ್ಲೇ ಗಟ್ಟಿಯಾಗುತ್ತದೆ. ಆರು ವಾರ ಕಳೆದಿದೆ, ಇದನ್ನು ಮತ್ತೆ ಮೊದಲ ವಾರವೆಂದೇ ಲೆಕ್ಕ ಹಾಕಿ. ವೈದ್ಯರ ಬಳಿ ಹೋಗುವಾಗ ಪುಸ್ತಕ, ಎಸ್‌ಡಿ ಕಾರ್ಡ್, ಮಾಸ್ಕು, ಪೈಪು ಎಲ್ಲವನ್ನೂ ಒಯ್ಯಿರಿ. ಕೇಳಬೇಕಾದ್ದು: ಕನಿಷ್ಠ-ಗರಿಷ್ಠ ಎಷ್ಟಿರಬೇಕು, ಲೀಕು ಮಿತಿಯೊಳಗಿದೆಯೇ, ಮಾಸ್ಕು ಹಾಕಿದ ಹೊತ್ತಿನ ಉಳಿಕೆ ಎಎಚ್‌ಐ 5ಕ್ಕಿಂತ ಕೆಳಗಿದೆಯೇ. ಬೆಳಗ್ಗೆ ತಲೆನೋವು, ಕಾಲು ಊತ, ಹಗಲಲ್ಲೂ ಆಮ್ಲಜನಕ 93ಕ್ಕಿಂತ ಕಡಿಮೆ ಇದ್ದರೆ ಅದನ್ನು ತಪ್ಪದೆ ಹೇಳಿ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಹೆಚ್ಚಿದೆಯೇ ಎಂದು ನೋಡಬೇಕಾಗುತ್ತದೆ, ಅಂಥವರಲ್ಲಿ ಕೆಲವರಿಗೆ ಬೈಪ್ಯಾಪ್ (ಉಸಿರು ಎಳೆಯುವಾಗ ಹೆಚ್ಚು, ಬಿಡುವಾಗ ಕಡಿಮೆ ಒತ್ತಡ ಕೊಡುವ ಮಿಷನ್) ಬೇಕಾಗುತ್ತದೆ.

ಮಿಷನ್ ಮಾರುವ ಯೋಚನೆಯನ್ನು ಇಷ್ಟೆಲ್ಲ ಮಾಡಿ ಎರಡು ತಿಂಗಳಾದ ಮೇಲೆ ನೋಡೋಣ. ತೂಕ ಇಳಿಸುವುದು ಬೇಕೇ ಬೇಕು, ಆದರೆ ಅದಕ್ಕೆ ತಿಂಗಳುಗಳು ಹಿಡಿಯುತ್ತವೆ. ದವಡೆಯನ್ನು ಮುಂದೆ ತರುವ ಹಲ್ಲಿನ ಸಾಧನ ಮುಖ್ಯವಾಗಿ ಸೌಮ್ಯ, ಮಧ್ಯಮ ಹಂತದವರಿಗೆ. 46ಕ್ಕೆ ಅದು ಮೊದಲ ಆಯ್ಕೆಯಲ್ಲ, ಸಿಪ್ಯಾಪ್ ಏನು ಮಾಡಿದರೂ ಆಗದಿದ್ದರೆ ಮಾತ್ರ.

ಇಂದಿನಿಂದಲೇ ಆಗಬೇಕಾದ್ದು ಒಂದಿದೆ. ಬಳಕೆ ಸರಿಹೋಗಿ, ಹಗಲಿನ ತೂಕಡಿಕೆ ಪೂರ್ತಿ ನಿಂತಿದೆ ಎಂದು ವೈದ್ಯರು ಹೇಳುವವರೆಗೆ ಬೆಳಗಿನ ಜಾವದ ಪಿಕಪ್ಪನ್ನು ನಿಮ್ಮ ತಂದೆ ಓಡಿಸಬಾರದು. ಮುಳಬಾಗಿಲಿನಿಂದ ಕೋಲಾರದವರೆಗಿನ ಹೆದ್ದಾರಿ ನೇರ, ನಿದ್ದೆ ಎಳೆಯುವ ಹೊತ್ತು ಅದು, ಕಣ್ಣು ಮೂರು ಸೆಕೆಂಡು ಮುಚ್ಚಿದರೆ 60 ಕಿ.ಮೀ. ವೇಗದಲ್ಲಿ ಗಾಡಿ 50 ಮೀಟರ್ ಹೋಗಿರುತ್ತದೆ. ಟೊಮೆಟೊ ಕ್ರೇಟುಗಳನ್ನು ಬೇರೆಯವರ ಗಾಡಿಯಲ್ಲಿ ಹಾಕಿಕಳಿಸಿ, ಅವರು ಬೇಕಿದ್ದರೆ ಪಕ್ಕದ ಸೀಟಿನಲ್ಲಿ ಕೂತು ಹೋಗಲಿ.